ಎರಡಕ್ಷರದ ಹೆಸರಿಗೆ ಎಡವುವ ಕೋಡ್

ಪ್ರಶ್ನೆ: ಮೇಡಂ, ನಾನು ಹುಬ್ಬಳ್ಳಿಯವನು, ಕೆಲಸ ಹಿಂಜವಡಿಯಲ್ಲಿ. ಲಾಗ್‌ನಲ್ಲಿ (ಪ್ರೋಗ್ರಾಂ ತಾನು ಮಾಡಿದ್ದನ್ನು ಬರೆದಿಡುವ ದಾಖಲೆ) ಗ್ರಾಹಕರ ಇಮೇಲ್ ಕಾಣಬಾರದು ಅಂತ ಪೈಥಾನ್‌ನಲ್ಲಿ ಚಿಕ್ಕ ಫಂಕ್ಷನ್ ಬರೆದೆ. @ ಇರುವಲ್ಲಿ ಒಡೆದು, ಹೆಸರಿನ ಮೊದಲ ಮತ್ತು ಕೊನೆಯ ಅಕ್ಷರ ಬಿಟ್ಟು ಉಳಿದಷ್ಟಕ್ಕೂ ನಕ್ಷತ್ರ ಹಾಕುತ್ತೇನೆ. @ ಇಲ್ಲದಿದ್ದರೆ ಬಂದದ್ದನ್ನೇ ವಾಪಸ್ ಕೊಡುತ್ತೇನೆ. ಬಸವರಾಜ, ಮಂಜುನಾಥ ಅಂತ ಹೆಸರು ಕೊಟ್ಟು ನೋಡಿದೆ, ಟೆಸ್ಟ್ ಎಲ್ಲ ಪಾಸ್. ಆದರೂ ಸಹೋದ್ಯೋಗಿಗಳು ಕೋಡ್ ಪರಿಶೀಲಿಸುವ ರಿವ್ಯೂನಲ್ಲಿ ಎರಡು ಸಲ ವಾಪಸ್ ಬಂತು. ಯಾಕೆ?
– ವಾಕಡ್, ಪುಣೆ

ಉತ್ತರ: 'ಟೆಸ್ಟ್ ಪಾಸ್ ಆಗಿದೆ' ಅನ್ನುವ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಉದ್ದ ಹೆಸರು ಕೊಟ್ಟರೆ ಪಾಸ್ ಆಗದೆ ಇನ್ನೇನು? ಪುಣೆಯಲ್ಲಿ ಓಂ ಅನ್ನುವ ಹುಡುಗರು ಎಷ್ಟು ಜನ ಇದ್ದಾರೆ, ನಿಮಗೇ ಗೊತ್ತು. ಇಂಗ್ಲಿಷ್‌ನಲ್ಲಿ ಅದು ಎರಡೇ ಅಕ್ಷರ. ಎರಡರಲ್ಲಿ ಎರಡು ಕಳೆದರೆ ನಕ್ಷತ್ರ ಸೊನ್ನೆ. ಆ ಹುಡುಗನ ಪೂರ್ತಿ ವಿಳಾಸ ಲಾಗ್‌ನಲ್ಲಿ ಬಂದು ಕೂರುತ್ತದೆ. ಹೆಸರು ಒಂದೇ ಅಕ್ಷರದ್ದಾದರೆ ಲೆಕ್ಕ ಮೈನಸ್ ಒಂದಾಗುತ್ತದೆ. ಪೈಥಾನ್ ಆಗ ಎರರ್ ಕೊಡುವುದಿಲ್ಲ, ಸುಮ್ನೆ ಖಾಲಿ ಸ್ಟ್ರಿಂಗ್, ಅಂದರೆ ಒಂದೂ ಅಕ್ಷರವಿಲ್ಲದ ಪಠ್ಯ, ಕೊಡುತ್ತದೆ. ಆ ಒಂದು ಅಕ್ಷರ ಎರಡು ಸಲ ಅಚ್ಚಾಗುತ್ತದೆ. ಅದೇ ಕೆಲಸ ಮಾಡುವ ಜಾವಾಸ್ಕ್ರಿಪ್ಟ್‌ನ ರಿಪೀಟ್ ಆಗಿದ್ದರೆ ರೇಂಜ್ ಎರರ್ ಆದರೂ ಬರುತ್ತಿತ್ತು.

ಇದಕ್ಕಿಂತ ದೊಡ್ಡ ತಪ್ಪು, @ ಇಲ್ಲದಿದ್ದರೆ ಬಂದದ್ದನ್ನೇ ವಾಪಸ್ ಕೊಡುವುದು. ಒಂದು ಕಂಪನಿಯ ಲಾಗ್ ನೋಡುವಾಗ, ಇಮೇಲ್ ಇರಬೇಕಾದ ಜಾಗದಲ್ಲಿ ಮೊಬೈಲ್ ನಂಬರ್‌ಗಳು ಕಂಡವು. ಎರಡು ಕಡೆ ಪಾಸ್‌ವರ್ಡ್ ಕೂಡ ಇತ್ತು. ಜನ ಅವಸರದಲ್ಲಿ ಯಾವುದೋ ಬಾಕ್ಸ್‌ನಲ್ಲಿ ಏನೋ ಟೈಪ್ ಮಾಡುತ್ತಾರೆ. ಅಲ್ಲಿಯ ಫಂಕ್ಷನ್ ಕೂಡ ನಿಮ್ಮದರ ಹಾಗೇ ಇತ್ತು. ಅರ್ಥವಾಗದ್ದು ಬಂದರೆ ಮೂರು ನಕ್ಷತ್ರ ಕೊಡಿ, ಬೇರೇನೂ ಬೇಡ.

ನಾನಾದರೆ ಮೊದಲ ಅಕ್ಷರ ಮಾತ್ರ ಉಳಿಸುತ್ತೇನೆ, ಹೆಸರು ಮೂರಕ್ಷರಕ್ಕಿಂತ ಚಿಕ್ಕದಿದ್ದರೆ ಅದನ್ನೂ ಮುಚ್ಚುತ್ತೇನೆ. ನಕ್ಷತ್ರ ಯಾವಾಗಲೂ ಮೂರೇ. ಎಣಿಸಿ ಹಾಕಿದರೆ ಹೆಸರಿನ ಉದ್ದ ಗೊತ್ತಾಗುತ್ತದೆ, ಗೊತ್ತಿರುವವರಿಗೆ ಅಷ್ಟೇ ಸಾಕು. ಒಡೆಯುವಾಗ ಕೊನೆಯ @ ಹುಡುಕಿ. ಉದ್ಧರಣ ಚಿಹ್ನೆಯೊಳಗಿದ್ದರೆ ಹೆಸರಿನ ಭಾಗದಲ್ಲೂ @ ಇರಬಹುದು ಅಂತ ಇಮೇಲ್ ನಿಯಮವೇ ಹೇಳುತ್ತದೆ. ಮನೆತನದ ಹೆಸರಿನಲ್ಲೇ ಡೊಮೇನ್ (@ ನಂತರದ ಭಾಗ) ಇಟ್ಟುಕೊಂಡವರಿದ್ದಾರೆ, ಹಾಗಾಗಿ ಲಾಗ್‌ನಲ್ಲಿ ನಾನು ಡೊಮೇನ್ ಕೂಡ ಮುಚ್ಚುತ್ತೇನೆ. ಇದು ಜಾಸ್ತಿ ಆಯ್ತು ಅಂತ ನಮ್ಮ ಟೀಮಿನವರು ಹೇಳುತ್ತಾರೆ. ಆಗಲಿ, ನಾನು ಬಿಡುವುದಿಲ್ಲ.

ಇನ್ನೊಂದು ಮಾತು. ಇದನ್ನೆಲ್ಲ ಒಂದೇ ಸಾಲಿನ ರೆಜೆಕ್ಸ್‌ನಲ್ಲಿ (ಪಠ್ಯದ ಮಾದರಿ ಹುಡುಕುವ ಚಿಹ್ನೆಗಳ ಸಾಲು) ತುರುಕಿ 'ಇದೇ ಕ್ಲೀನ್ ಕೋಡ್' ಅಂತ ದುಡ್ಡು ತಗೊಂಡು ಕಲಿಸುವವರಿದ್ದಾರೆ. ನಂಬಬೇಡಿ. ರಾತ್ರಿ ಎರಡು ಗಂಟೆಗೆ ಫೋನ್ ಬಂದಾಗ ಓದಿ ಅರ್ಥವಾಗುವ ಏಳೆಂಟು ಸಾಲೇ ಒಳ್ಳೆಯದು.

ಪ್ರಶ್ನೆ: ನಕ್ಷತ್ರದ ಬದಲು ಎಂಡಿ5 ಹ್ಯಾಶ್ (ಒಂದು ಪಠ್ಯಕ್ಕೆ ಯಾವಾಗಲೂ ಒಂದೇ ಗುರುತು ಸಿಗದ ಸಂಕೇತ ಕೊಡುವ ಲೆಕ್ಕ) ಹಾಕಿದರೆ ಯಾರಿಗೂ ಗೊತ್ತಾಗಲ್ಲ ಅಲ್ವಾ?
– ಠಾಣೆ

ಉತ್ತರ: ಗೊತ್ತಾಗುತ್ತದೆ. ಇಮೇಲ್ ಪಟ್ಟಿ ಇರುವವರು ಒಂದೊಂದಕ್ಕೂ ಎಂಡಿ5 ತೆಗೆದು ಹೋಲಿಸಿದರೆ ಮುಗಿಯಿತು.

ಪ್ರಶ್ನೆ: ಎಪಿಐ (ಸರ್ವರ್‌ನಿಂದ ಮಾಹಿತಿ ಕೊಡುವ ದಾರಿ) ಪೂರ್ತಿ ಇಮೇಲ್ ಕಳಿಸಲಿ, ಪರದೆಯ ಮೇಲೆ ಮಾತ್ರ ಮರೆಮಾಡಿದರೆ ಸಾಲದೇ?
– ಮಡಗಾಂವ್

ಉತ್ತರ: ಸಾಲದು. ಬ್ರೌಸರ್‌ನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್ ನೋಡಿ, ಪೂರ್ತಿ ಇಮೇಲ್ ಅಲ್ಲೇ ಕಾಣುತ್ತದೆ. ಆಮೇಲೆ ಮರೆಮಾಡುವ ಆ ಫಂಕ್ಷನ್ನನ್ನು ಸರ್ವರ್‌ಗೆ ಸಾಗಿಸಿ.