ಕೊಲೆಗಾರ ಯಾರೆಂದು ಗೊತ್ತಾದ ಮೇಲೂ ಓದಿಸಿಕೊಳ್ಳುವ ಪತ್ತೇದಾರಿಗಳು

ಅಕ್ಕ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದ್ದೆ. ಗಾಳಿಮಳೆಗೆ ಕರೆಂಟ್ ಹೋಗಿತ್ತು, ಮೊಬೈಲಲ್ಲಿ ಚಾರ್ಜೂ ಇರಲಿಲ್ಲ. ಈಗ ಕೂತು ಬರೆಯುತ್ತಿದ್ದೇನೆ. ನೀವು ಕೇಳಿದ್ದು ಇಷ್ಟು: ದುಡ್ಡು ಕೊಟ್ಟು ತಂದ ಪತ್ತೇದಾರಿ ಕಾದಂಬರಿ ಒಂದು ಸಲ ಓದಿದ ಮೇಲೆ ಕಪಾಟಿನಲ್ಲಿ ದಂಡ. ಎರಡನೇ ಸಲ ಓದುವ ಹಾಗಿನದ್ದು ಯಾವುದಾದರೂ ಉಂಟಾ? ಕನ್ನಡದ್ದಾದರೆ ಒಳ್ಳೆಯದು, ಸುಲಭದ ಇಂಗ್ಲಿಷ್ ಆದರೂ ಆದೀತು, ಒಂಬತ್ತನೇ ಕ್ಲಾಸಿನ ಮಗಳೂ ಓದಬೇಕು.

ಉಂಟು. ಅದಕ್ಕೆ ಮೊದಲು ನನಗಾದ ಒಂದು ಅನ್ಯಾಯ ಹೇಳಿಬಿಡುತ್ತೇನೆ. ಆಗ ನಾನು ಉಡುಪಿಯಿಂದ ಮಂಗಳೂರಿಗೆ ದಿನಾ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದೆ. ಬಾಡಿಗೆಗೆ ಪುಸ್ತಕ ಕೊಡುವ ಒಂದು ಅಂಗಡಿಯಿಂದ ಅಗಾಥಾ ಕ್ರಿಸ್ಟಿಯ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ತಂದಿದ್ದೆ. ಪಡುಬಿದ್ರಿ ದಾಟಿದ ಮೇಲೆ ನೋಡುತ್ತೇನೆ, ಒಂದು ಹೆಸರಿನ ಕೆಳಗೆ ಯಾರೋ ಪುಣ್ಯಾತ್ಮ ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ‘ಇವರೇ’ ಎಂದು ಬರೆದಿದ್ದಾನೆ. ಕೊಲೆ ಮಾಡಿದವರಿಗೂ ಮರ್ಯಾದೆ ಕೊಟ್ಟೇ ಬರೆದಿದ್ದಾನೆ, ನೋಡಿ! ಪುಸ್ತಕ ಮಡಚಿ ಬ್ಯಾಗಿಗೆ ಹಾಕಿದೆ. ಆದರೆ ಬಸ್ಸಿನಲ್ಲಿ ಬೇರೆ ಎಂತ ಮಾಡುವುದು? ಮುಲ್ಕಿಯಲ್ಲಿ ಮತ್ತೆ ತೆಗೆದೆ. ಸುರತ್ಕಲ್ ಬಂದದ್ದು ಗೊತ್ತಾಗಲಿಲ್ಲ. ಉತ್ತರ ಗೊತ್ತಿದ್ದ ಕಾರಣವೇ ನನಗೆ ಕ್ರಿಸ್ಟಿಯ ಕೈಚಳಕ ಕಾಣುತ್ತಾ ಹೋಯಿತು. ಎಲ್ಲಾ ಸುಳಿವೂ ನಮ್ಮ ಕಣ್ಣೆದುರಿಗೇ ಇಟ್ಟಿದ್ದಾಳೆ. ನಾವು ಮಾತ್ರ ಬೇರೆ ಕಡೆ ನೋಡುವ ಹಾಗೆ ಮಾಡುತ್ತಾಳೆ. 1926ರ ಪುಸ್ತಕ ಅದು. ಪತ್ತೇದಾರ ಪೊಯ್ರೋ ರಿಟೈರ್ ಆಗಿ ಹಳ್ಳಿಯಲ್ಲಿ ಕುಂಬಳ ಜಾತಿಯ ಕಾಯಿ ಬೆಳೆಯುತ್ತಿರುತ್ತಾನೆ, ಸಿಟ್ಟು ಬಂದು ಒಂದು ಕಾಯಿಯನ್ನು ಗೋಡೆಯಾಚೆ ಎಸೆಯುತ್ತಾನೆ. ಆ ಜಾಗ ನನಗೆ ಈಗಲೂ ನಗು ತರಿಸುತ್ತದೆ. ಮಗಳಿಗೆ ಇಂಗ್ಲಿಷಿನಲ್ಲಿ ಮೊದಲು ಇದನ್ನೇ ಕೊಡಿ. ಭಾಷೆ ಸುಲಭ. ನೆಟ್ಟಿನಲ್ಲಿ ಇದರ ಬಗ್ಗೆ ಹುಡುಕಲು ಮಾತ್ರ ಬಿಡಬೇಡಿ.

ಅಂದಿನಿಂದ ನನ್ನ ಲೆಕ್ಕ ಇಷ್ಟೇ: ‘ಯಾರು’ ಎನ್ನುವುದೊಂದರ ಮೇಲೆ ನಿಂತ ಪುಸ್ತಕ ಬಾಡಿಗೆಗೆ ಸಾಕು. ‘ಹೇಗೆ’, ‘ಯಾಕೆ’ ಎನ್ನುವುದರ ಮೇಲೆ ನಿಂತದ್ದನ್ನು ದುಡ್ಡು ಕೊಟ್ಟು ತರಬಹುದು.

ಫ್ರೆಡೆರಿಕ್ ಫೋರ್ಸಿತ್‌ನ ‘ದಿ ಡೇ ಆಫ್ ದಿ ಜಾಕಾಲ್’ (1971) ನೋಡಿ. ಫ್ರಾನ್ಸಿನ ಅಧ್ಯಕ್ಷ ಡಿಗಾಲ್‌ನನ್ನು ಕೊಲ್ಲಲು ಒಬ್ಬ ಬಾಡಿಗೆ ಹಂತಕ ಹೊರಟಿದ್ದಾನೆ. ಕತೆ ನಡೆಯುವುದು 1963ರಲ್ಲಿ. ಡಿಗಾಲ್ ತೀರಿಕೊಂಡದ್ದು 1970ರಲ್ಲಿ, ಮನೆಯಲ್ಲೇ. ಅಂದರೆ ಇವನ ಕೆಲಸ ಆಗುವುದಿಲ್ಲ ಎಂದು ಪುಸ್ತಕ ತೆರೆಯುವ ಮೊದಲೇ ಗೊತ್ತು. ಆದರೂ ಕೈಬಿಡಲು ಆಗುವುದಿಲ್ಲ. ಅವನು ಕಳ್ಳ ಪಾಸ್‌ಪೋರ್ಟ್ ಮಾಡಿಸುವ ಭಾಗ ಓದಿ. ಸ್ಮಶಾನದಲ್ಲಿ ಸುತ್ತಾಡಿ, ತನ್ನ ಪ್ರಾಯಕ್ಕೆ ಹೊಂದುವ, ಚಿಕ್ಕಂದಿನಲ್ಲೇ ತೀರಿಹೋದ ಮಗುವಿನ ಹೆಸರು ಹುಡುಕುತ್ತಾನೆ. ಆ ಹೆಸರಿನಲ್ಲಿ ಜನನ ಪತ್ರ ತೆಗೆದು ಅರ್ಜಿ ಹಾಕುತ್ತಾನೆ. ಗುಂಡಿನ ಸದ್ದೇ ಇಲ್ಲದ ಪುಟಗಳು, ಆದರೂ ಎದೆ ಹೊಡೆದುಕೊಳ್ಳುತ್ತದೆ. ಇದು ನಿಮಗೆ. ಮಗಳಿಗೆ ಎರಡು ವರ್ಷ ಹೋಗಲಿ.

ಜಪಾನಿನ ಕೀಗೊ ಹಿಗಾಶಿನೊನ ‘ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್’ ಕೂಡ ಹಾಗೆಯೇ. ಕೊಲೆ ಶುರುವಿನಲ್ಲೇ ನಮ್ಮೆದುರು ನಡೆದುಹೋಗುತ್ತದೆ. ಪಕ್ಕದ ಮನೆಯ ಗಣಿತದ ಮೇಷ್ಟ್ರು ಅದನ್ನು ಮುಚ್ಚಲು ಮಾಡುವ ಲೆಕ್ಕವೇ ಕತೆ. ಕೊನೆಯ ಇಪ್ಪತ್ತು ಪುಟ ಓದಿ ನಾನು ಊಟಕ್ಕೆ ಏಳಲಿಲ್ಲ.

ಇನ್ನು ಕನ್ನಡ. ತೇಜಸ್ವಿಯವರ ‘ಜುಗಾರಿ ಕ್ರಾಸ್’ ಮಗಳಿಗೆ ಕಣ್ಣು ಮುಚ್ಚಿ ಕೊಡಿ. ಏಲಕ್ಕಿ ಮಾರಲು ಹೋದ ಗಂಡ ಹೆಂಡತಿ ಎಂತೆಂತದಕ್ಕೆಲ್ಲ ಸಿಕ್ಕಿಹಾಕಿಕೊಳ್ಳುತ್ತಾರೆ ನೋಡಿ. ನಿಮಗೆ ‘ಚಿದಂಬರ ರಹಸ್ಯ’ (1985). ಏಲಕ್ಕಿ ಸಂಶೋಧನೆ ಮಾಡುತ್ತಿದ್ದ ವಿಜ್ಞಾನಿಯ ಸಾವಿನ ತನಿಖೆ ಎಂದು ಶುರುವಾಗುತ್ತದೆ, ಆಮೇಲೆ ಇಡೀ ಊರೇ ಆರೋಪಿಯ ಹಾಗೆ ಕಾಣುತ್ತದೆ. ಕೊಲೆಗಾರನಿಗಾಗಿಯೇ ಕಾದು ಕೂತರೆ ನಿಮಗೆ ಬೇಜಾರಾಗಬಹುದು, ಮೊದಲೇ ಹೇಳಿದ್ದೇನೆ.

ಇತಿಹಾಸದ ಹುಚ್ಚು ಇದ್ದರೆ ಕೆ.ಎನ್. ಗಣೇಶಯ್ಯ. ಅವರು ಕೃಷಿ ವಿಜ್ಞಾನಿ. ‘ಕನಕ ಮುಸುಕು’ ಕಾದಂಬರಿಯ ಎಳೆ ಕೇಳಿ: ಹೊಯ್ಸಳರ ಕೆಲವು ಶಿಲ್ಪಗಳ ಕೈಯಲ್ಲಿ ಮುಸುಕಿನ ಜೋಳದ ತೆನೆಯ ಹಾಗೆ ಕಾಣುವ ವಸ್ತು ಉಂಟು. ಅಂಥ ಶಿಲ್ಪ ಇರುವ ಸೋಮನಾಥಪುರದ ಗುಡಿ ಹದಿಮೂರನೇ ಶತಮಾನದ್ದು. ಮುಸುಕಿನ ಜೋಳ ಅಮೆರಿಕದಿಂದ ಹೊರಗೆ ಬಂದದ್ದು 1492ರಲ್ಲಿ ಕೊಲಂಬಸ್ ಹೋದ ಮೇಲೆ ಎನ್ನುತ್ತಾರೆ. ಹಾಗಾದರೆ ಅದು ಎಂತ? ಓದಿದ ಮೇಲೆ ಗುಡಿಗೆ ಹೋಗಿ ಶಿಲ್ಪದ ಕೈಯನ್ನೇ ನೋಡುತ್ತಾ ನಿಂತಿದ್ದೆ. ನಮ್ಮ ಕರಾವಳಿಗೆ ಹತ್ತಿರದ್ದು ಬೇಕಾದರೆ ‘ಬಳ್ಳಿಕಾಳ ಬೆಳ್ಳಿ’. ಒಳ್ಳೆಮೆಣಸಿನ ವ್ಯಾಪಾರ, ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿ, ಎಲ್ಲಾ ಬರುತ್ತದೆ. ಒಂದು ತಕರಾರು ಉಂಟು: ಪಾತ್ರಗಳು ಕೆಲವು ಕಡೆ ಪಾಠ ಮಾಡುವ ಹಾಗೆ ಮಾತಾಡುತ್ತವೆ. ನಾನು ಅಂಥ ಜಾಗ ಬಂದರೆ ಸುಮ್ನೆ ಬೇಗ ಬೇಗ ಓದುತ್ತೇನೆ.

ಯಂಡಮೂರಿಯವರ ‘ತುಳಸಿದಳ’ವನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಮಾಟದ ಕತೆ. ಮಳೆಗಾಲದ ರಾತ್ರಿ ಬೇಡ.

ಎನ್. ನರಸಿಂಹಯ್ಯ ಅವರ ಪತ್ತೇದಾರ ಪುರುಷೋತ್ತಮನ ಕತೆಗಳು, ಟಿ.ಕೆ. ರಾಮರಾವ್ (‘ಬಂಗಾರದ ಮನುಷ್ಯ’ ಬರೆದವರೇ, ಪತ್ತೇದಾರಿಯನ್ನೂ ಬರೆದಿದ್ದಾರೆ) ಹಳೆ ಪುಸ್ತಕದ ಅಂಗಡಿಯಲ್ಲಿ ಸಿಕ್ಕರೆ ಬಿಡಬೇಡಿ. ಆದರೆ ದುಡ್ಡು ಕೊಡುವ ಮೊದಲು ಕೊನೆಯ ಹಾಳೆಗಳು ಇವೆಯಾ ಎಂದು ನೋಡಿ. ನಮ್ಮ ಮಾವನ ಅಟ್ಟದಲ್ಲಿ ಸಿಕ್ಕಿದ ಒಂದರಲ್ಲಿ ಕೊನೆಯ ಭಾಗ ಪೂರ್ತಿ ಗೆದ್ದಲಿಗೆ ಹೋಗಿತ್ತು. ಕೊಲೆಗಾರ ಯಾರೆಂದು ಗೆದ್ದಲಿಗೆ ಮಾತ್ರ ಗೊತ್ತು. ಜುಲೈಯಲ್ಲಿ ಪುಸ್ತಕಕ್ಕೆ ಬೂಷ್ಟು ಹಿಡಿಯುವುದು ನಿಮಗೂ ಗೊತ್ತಲ್ವಾ? ಕಪಾಟಿನ ಗೋಡೆ ಬದಿಗೆ ಇಡಬೇಡಿ, ಬಿಸಿಲು ಕಂಡ ದಿನ ಪುಟ ಬಿಡಿಸಿ ಗಾಳಿಗೆ ಇಡಿ.

ಆಕ್ರಾಯ್ಡ್ ನನ್ನ ಹತ್ತಿರ ಉಂಟು ಅಕ್ಕ, ಆಮೇಲೆ ನಾನೇ ಹೊಸದು ತೆಗೆದುಕೊಂಡೆ. ಆದಿತ್ಯವಾರ ಮಂಗಳೂರಿಗೆ ಬರಲಿಕ್ಕುಂಟು, ಬೇಕಾದರೆ ತಂದುಕೊಡುತ್ತೇನೆ. ಪೆನ್ಸಿಲ್ ಗುರುತು ಯಾವುದೂ ಇಲ್ಲ.