ಹವ್ಯಾಸದ ಫೋಟೋಗ್ರಫಿಗೆ ದುಡ್ಡು ಕೇಳೋದು ಹೇಗೆ?

ಪ್ರಶ್ನೆ: ನನಗೆ 31 ವರ್ಷ. ಹಾಸನದ ಖಾಸಗಿ ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಫೋಟೋ ತೆಗೆಯೋದು ಹುಚ್ಚು. ನೆಂಟರ ನಾಮಕರಣ, ಹುಟ್ಟುಹಬ್ಬಕ್ಕೆಲ್ಲ ದುಡ್ಡಿಲ್ಲದೆ ತೆಗೆದುಕೊಟ್ಟಿದ್ದೇನೆ. ಈಗ ಚಿಕ್ಕಪ್ಪ ಮಗಳ ಮದುವೆಗೆ ‘ನೀನೇ ಇದ್ದೀಯಲ್ಲ, ಬೇರೆಯವರು ಯಾಕೆ’ ಅನ್ನುತ್ತಿದ್ದಾರೆ. ಒಪ್ಪಿಕೊಳ್ಳಲಾ? ಎಷ್ಟು ಕೇಳಲಿ? ಮುಂದೆ ಕೆಲಸ ಬಿಡಬಹುದಾ?

ಉತ್ತರ: ಮದುವೆಗೆ ಖಂಡಿತ ಹೋಗಿ. ಆದರೆ ಪೂರ್ತಿ ಹೊಣೆ ಹೊರಬೇಡಿ. ‘ಚಿಕ್ಕಪ್ಪಾ, ಅನುಭವ ಇರೋ ಒಬ್ಬರನ್ನು ಗೊತ್ತು ಮಾಡಿ, ಅವರ ಜೊತೆ ನಾನೂ ತೆಗೀತೀನಿ, ಅದು ನನ್ನ ಉಡುಗೊರೆ’ ಅಂತ ಹೇಳಿಬಿಡಿ.

ಯಾಕೆ ಅಂದರೆ, ನಾಮಕರಣದಲ್ಲಿ ಒಂದು ಫೋಟೋ ಕೆಟ್ಟರೆ ಮಗುವನ್ನು ಇನ್ನೊಮ್ಮೆ ಎತ್ತಿಕೊಳ್ಳಿ ಅನ್ನಬಹುದು. ತಾಳಿ ಕಟ್ಟುವಾಗ ಹಾಗೆ ಹೇಳೋಕಾಗಲ್ಲ. ಗಟ್ಟಿಮೇಳ ಶುರುವಾದ ಕೂಡಲೇ ಎಲ್ಲರೂ ಎದ್ದು ನಿಲ್ಲುತ್ತಾರೆ, ಮುಂದೆ ಹತ್ತು ಮೊಬೈಲ್, ಮೇಲಿಂದ ಅಕ್ಷತೆ. ನಿಮಗೆ ಸಿಗೋದು ಕೆಲವೇ ಸೆಕೆಂಡು. ಛತ್ರದ ಎಲ್‌ಇಡಿ ದೀಪದ ಕಾಟ ಬೇರೆ. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣಲ್ಲ, ಆದರೆ ಶಟರ್ (ಕ್ಯಾಮೆರಾ ಒಳಗೆ ಬೆಳಕು ಬಿಡುವ ಸಮಯ) ಸೆಕೆಂಡಿನ 1/500ಕ್ಕೆ ಇಟ್ಟರೆ ಫೋಟೋದಲ್ಲಿ ಪಟ್ಟೆ ಪಟ್ಟೆಯಾಗಿ ಬರಬಹುದು. 1/100ಕ್ಕೆ ಇಳಿಸಿದರೆ ಪಟ್ಟೆ ಹೋಗುತ್ತದೆ, ಬೀಳುವ ಅಕ್ಷತೆ ಮಾತ್ರ ಗೆರೆಯಂತೆ ಎಳೆದುಕೊಳ್ಳುತ್ತದೆ. ನನ್ನನ್ನು ಕೇಳಿದರೆ 1/100ಕ್ಕೇ ಇಡಿ. ಅಕ್ಷತೆ ಗೆರೆಯಾದರೂ ಚೆನ್ನಾಗಿಯೇ ಇರುತ್ತದೆ, ಮದುಮಗಳ ಮುಖದ ಮೇಲೆ ಪಟ್ಟೆ ಬಂದರೆ ಯಾರೂ ಒಪ್ಪಲ್ಲ. ಹಿಂದಿನ ಸಂಜೆ ಆರತಕ್ಷತೆ ಇದ್ದರೆ ಅಲ್ಲೇ ಪರೀಕ್ಷೆ ಮಾಡಿಕೊಳ್ಳಿ. ಇಂಥದ್ದನ್ನೆಲ್ಲ ಪಳಗಿದವರ ಪಕ್ಕ ನಿಂತೇ ಕಲಿಯಬೇಕು.

ದುಡ್ಡಿನ ಮಾತಿಗೆ ಬರೋಣ. ಮೊದಲ ಗಿರಾಕಿ ನೆಂಟರಾಗದೆ ಪರಿಚಯದವರಾದರೆ ಒಳ್ಳೆಯದು. ಊರಲ್ಲಿ ಬೇರೆಯವರು ಎಷ್ಟು ತಗೋತಾರೆ ಅಂತ ಕೇಳಿ ಅದಕ್ಕಿಂತ ಕಮ್ಮಿ ಹೇಳಬೇಡಿ. ನೀವು ಲೆಕ್ಕದವರು, ಲೆಕ್ಕವನ್ನೇ ಹಾಕಿ. ಕ್ಯಾಮೆರಾ, ಲೆನ್ಸ್ ಸೇರಿ 80,000 ರೂಪಾಯಿ, ಬಾಳಿಕೆ ಐದು ವರ್ಷ ಅಂತಿಟ್ಟುಕೊಳ್ಳಿ. ವರ್ಷಕ್ಕೆ 16,000. ವರ್ಷಕ್ಕೆ 20 ಕೆಲಸ ಸಿಕ್ಕರೆ ಒಂದೊಂದಕ್ಕೆ 800 ಬರೀ ಸವಕಳಿ. ನಾಮಕರಣಕ್ಕೆ ನಿಂತದ್ದು ನಾಲ್ಕು ಗಂಟೆ, ಆಮೇಲೆ ಕಂಪ್ಯೂಟರ್ ಮುಂದೆ ಕೂತದ್ದು ಆರು ಗಂಟೆ. ಗಂಟೆಗೆ 300 ಹಿಡಿದರೂ 3,000 ಆಯಿತು. ಪೆಟ್ರೋಲಿಗೆ 300 ಸೇರಿಸಿದರೆ 4,100. ಅದಕ್ಕಿಂತ ಕೆಳಗೆ ಇಳಿದರೆ ಕೈಯಿಂದ ಹಾಕಿದ ಹಾಗೆ. ಹೊಸಬರು ಆ ಆರು ಗಂಟೆಯನ್ನೇ ಮರೆಯೋದು ಜಾಸ್ತಿ.

ಒಪ್ಪಿದ್ದನ್ನು ವಾಟ್ಸಾಪ್‌ನಲ್ಲಾದರೂ ಬರೆದು ಕಳಿಸಿ: ಎಷ್ಟು ಗಂಟೆ, ಎಷ್ಟು ಫೋಟೋ, ಯಾವತ್ತು ಕೊಡ್ತೀರಿ, ಆಲ್ಬಮ್‌ಗೆ ಬೇರೆ ದುಡ್ಡಾ, ಮುಂಗಡ ಎಷ್ಟು. ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಯಾರಾದರೂ ದುಡ್ಡು ಕೊಟ್ಟು ಫೋಟೋ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಅದರ ಹಕ್ಕು ತೆಗೆಸಿದವರದ್ದು. ನಿಮ್ಮ ಇನ್‌ಸ್ಟಾಗ್ರಾಮ್‌ಗೆ ಹಾಕಿಕೊಳ್ಳೋಕೂ ಅವರ ಒಪ್ಪಿಗೆ ಬೇಕು. ಅದನ್ನೂ ಅದೇ ಮೆಸೇಜಿನಲ್ಲಿ ಕೇಳಿಬಿಡಿ.

ಸೇವೆಗಳ ಜಿಎಸ್‌ಟಿ ನೋಂದಣಿ ವರ್ಷದ ವಹಿವಾಟು 20 ಲಕ್ಷ ದಾಟಿದ ಮೇಲಿನ ಮಾತು, ಈಗ ತಲೆ ಕೆಡಿಸಿಕೊಳ್ಳಬೇಡಿ. ಆದಾಯ ತೆರಿಗೆ ರಿಟರ್ನ್‌ನಲ್ಲಿ ಮಾತ್ರ ಈ ಗಳಿಕೆ ತೋರಿಸಿ. ಕಂಪನಿಯ ನೇಮಕಾತಿ ಪತ್ರದಲ್ಲಿ ಬೇರೆ ಸಂಪಾದನೆಗೆ ತಡೆ ಇದೆಯಾ ಅಂತಲೂ ಓದಿ ನೋಡಿ.

ಕೆಲಸ ಬಿಡೋದಾ? ಈಗಲೇ ಬೇಡ. ನಮ್ಮ ಕಡೆ ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ಮದುವೆಗಳು ನಡೆಯೋದೇ ಅಪರೂಪ. ವೈಶಾಖದ ಗಳಿಕೆ ನೋಡಿ ರಾಜೀನಾಮೆ ಬರೆದವರಿಗೆ ಆಷಾಢದಲ್ಲಿ ಬಾಡಿಗೆ ಕಟ್ಟೋದು ಕಷ್ಟವಾಗುತ್ತದೆ. ಆ ತಿಂಗಳುಗಳಿಗೆ ಬೇರೆ ದಾರಿ ಹುಡುಕಿ. ಸೀರೆ ಅಂಗಡಿ, ಬೇಕರಿ, ಸಕಲೇಶಪುರದ ಹೋಂಸ್ಟೇಗಳಿಗೆ ಫೋಟೋ ಬೇಕೇ ಬೇಕು. ಅಂಥ ಕೆಲಸದಲ್ಲಿ ಮುಹೂರ್ತದ ಅವಸರ ಇಲ್ಲ, ಬೆಳಕು ಸರಿಯಿಲ್ಲದಿದ್ದರೆ ನಾಳೆ ಮತ್ತೆ ಹೋಗಬಹುದು. ನಿಮ್ಮಂಥವರು ಶುರು ಮಾಡೋಕೆ ಮದುವೆಗಿಂತ ಇದೇ ಒಳ್ಳೆಯ ಜಾಗ. ಒಂದು ಪೂರ್ತಿ ವರ್ಷ, ಆಷಾಢವೂ ಸೇರಿ, ತಿಂಗಳ ಲೆಕ್ಕ ಬರೆದಿಡಿ. ಆಮೇಲೆ ಬರೆಯಿರಿ, ಕೆಲಸ ಬಿಡುವ ವಿಚಾರ ಆಗ ಮಾತಾಡೋಣ.