ಅಳತೆ ಭುಜದಿಂದ ಶುರುವಾಗಲಿ

ಪ್ರಶ್ನೆ: ನನಗೆ 52 ವರ್ಷ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಬಂದಿದೆ. 40ರ ಅಂಗಿ ತೊಟ್ಟರೆ ಗುಂಡಿಗಳ ನಡುವೆ ಬನಿಯನ್ ಇಣುಕುತ್ತದೆ. 44ರದ್ದು ತೊಟ್ಟರೆ ಯಾರದೋ ಅಂಗಿ ಎರವಲು ತಂದಂತಿದೆಯೆಂದು ಮನೆಯವರು ನಗುತ್ತಾರೆ. ಏನು ಮಾಡಲಿ? (ಹಾಸನದ ಓದುಗರು)

ಉತ್ತರ: ಮನೆಯವರು ನಕ್ಕದ್ದರಲ್ಲಿ ನ್ಯಾಯವಿದೆ. ನಮ್ಮಲ್ಲಿ ಸಿಗುವ ಫಾರ್ಮಲ್ ಅಂಗಿಗಳ ಮೇಲಿನ 39, 40, 42, 44 ಎಂಬ ಸಂಖ್ಯೆಗಳನ್ನು ಎದೆಯ ಇಂಚುಗಳೆಂದು ತಿಳಿದವರು ಬಹಳ ಮಂದಿ; ಸಾಮಾನ್ಯವಾಗಿ ಅವು ಕಾಲರಿನ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಹೇಳುತ್ತವೆ. 40ರ ಕಾಲರು ಒಪ್ಪುವವರು ಹೊಟ್ಟೆಗೆಂದು 44 ಕೊಂಡರೆ ಅದರ ಜೊತೆಗೆ ಕಾಲರು, ಭುಜ, ತೋಳು ಎಲ್ಲವೂ ಹಿಗ್ಗುತ್ತವೆ, ಭುಜದ ಹೊಲಿಗೆ ತೋಳಿನ ಮೇಲೆ ಜಾರುತ್ತದೆ. ಪಕ್ಕದ ಹೊಲಿಗೆಯನ್ನು ಒಳಗೆ ಹಿಡಿಸುವುದು, ತೋಳನ್ನು ಗಿಡ್ಡ ಮಾಡಿಸುವುದು ಸಣ್ಣ ಕೆಲಸ. ಭುಜವನ್ನು ಸರಿಪಡಿಸಬೇಕೆಂದರೆ ತೋಳನ್ನೇ ಬಿಚ್ಚಿ ಹೊಸದಾಗಿ ಕೂರಿಸಬೇಕಾದ್ದರಿಂದ ಹೊಲಿಗೆಯವರು ಆ ಕೆಲಸಕ್ಕೆ ಮನಸ್ಸು ಮಾಡುವುದಿಲ್ಲ. ಹಾಗಾಗಿ ರೆಡಿಮೇಡ್ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಭುಜದ ಮೂಳೆ ಮುಗಿಯುವಲ್ಲಿ ಹೊಲಿಗೆ ಬಂದಿದೆಯೇ ಎಂಬುದನ್ನು. 42ರದ್ದೊಂದನ್ನು, ಸ್ಲಿಮ್ ಅಲ್ಲದ ಸಾದಾ ಕಟ್ಟಿನದನ್ನು, ತೊಟ್ಟು ನೋಡಿ.

ಆದರೂ ನಿಮ್ಮಂಥ ಮೈಕಟ್ಟಿಗೆ ಹೊಲಿಸುವುದೇ ಲೇಸೆಂದು ನನ್ನ ಅಭಿಪ್ರಾಯ. ಅಳತೆ ಕೊಡುವಾಗ ದಯವಿಟ್ಟು ಉಸಿರು ಬಿಗಿಹಿಡಿಯಬೇಡಿ (ನಾವೆಲ್ಲರೂ ಹಿಡಿಯುತ್ತೇವೆ), ಹೊಟ್ಟೆಯ ಸುತ್ತನ್ನು ನಿಂತಾಗಲೂ ಕುಳಿತಾಗಲೂ ಅಳೆಯಲು ಹೇಳಿ, ಏಕೆಂದರೆ ಕುಳಿತಾಗ ಹೊಟ್ಟೆ ಹರಡಿ ಗುಂಡಿಗಳ ಮೇಲೆ ಭಾರ ಬೀಳುತ್ತದೆ. ಹೊಟ್ಟೆ ಬಟ್ಟೆಯನ್ನು ಮೇಲಕ್ಕೆತ್ತುವುದರಿಂದ ಅಂಗಿಯ ಮುಂಭಾಗ ಹಿಂಭಾಗಕ್ಕಿಂತ ಗಿಡ್ಡವಾಗಿ ಕಾಣುತ್ತದೆ. ಅನುಭವಸ್ಥ ದರ್ಜಿ ಮುಂದಿನ ಭಾಗಕ್ಕೆ ತುಸು ಹೆಚ್ಚು ಉದ್ದ ಬಿಡುತ್ತಾರೆ. ಹತ್ತಿಬಟ್ಟೆಯಾದರೆ ಕತ್ತರಿಸುವ ಮೊದಲೇ ನೀರಿನಲ್ಲಿ ನೆನೆಸಿ ಒಣಗಿಸಿ ಕೊಡಿ, ಇಲ್ಲವಾದರೆ ಮೊದಲ ಒಗೆತಕ್ಕೇ ಈ ಲೆಕ್ಕವೆಲ್ಲ ತಪ್ಪೀತು.

ಪ್ಯಾಂಟನ್ನು ಹೊಟ್ಟೆಯ ಕೆಳಗೆ ಬೆಲ್ಟಿನಿಂದ ಬಿಗಿದು ನಿಲ್ಲಿಸುವ ಅಭ್ಯಾಸ ನಿಮಗಿದ್ದರೆ ಬಿಡಿ. ಅದು ದಿನವಿಡೀ ಜಾರುತ್ತದೆ, ಹಿಂದೆ ಜೋಲುತ್ತದೆ, ಹೊಟ್ಟೆಯನ್ನು ಇನ್ನಷ್ಟು ಎತ್ತಿ ತೋರಿಸುತ್ತದೆ. ಸೊಂಟಪಟ್ಟಿ ಹೊಕ್ಕುಳಿನ ಹತ್ತಿರ ಕೂರುವಂತೆ, ಮುಂದೆ ಒಂದೊಂದು ನೆರಿಗೆಯಿಟ್ಟು ಹೊಲಿಸಿದ ಪ್ಯಾಂಟು ಹೊಟ್ಟೆಯ ಮೇಲಿಂದ ನೇರವಾಗಿ ಇಳಿಯುತ್ತದೆ. ನೆರಿಗೆ ಹಳೆಯ ಕಾಲದ್ದೆಂದು ಮಗ ಮೂಗು ಮುರಿದರೆ ಮುರಿಯಲಿ.

ಪ್ರಶ್ನೆ: ಎತ್ತರ 6 ಅಡಿ, ತೂಕ 60 ಕೆ.ಜಿ. ತೋಳು ಸರಿಹೋಗುವ ಅಂಗಿ ಮೈಗೆ ಚೀಲದಂತಿರುತ್ತದೆ. (ಧಾರವಾಡದ ವಿದ್ಯಾರ್ಥಿ)

ಉತ್ತರ: ತೋಳಿನ ಉದ್ದಕ್ಕೂ ಭುಜಕ್ಕೂ ಒಪ್ಪುವುದನ್ನೇ ಕೊಂಡು ಬೆನ್ನಿನಲ್ಲಿ ಎರಡು ಡಾರ್ಟ್ (ಬಟ್ಟೆಯನ್ನು ಒಳಗೆ ಮಡಿಸಿ ಸಡಿಲ ತೆಗೆಯುವ ಚೂಪು ಹೊಲಿಗೆ) ಹಿಡಿಸಿ, ಅರ್ಧ ಗಂಟೆಯ ಕೆಲಸ. ಆದರೆ ಮೈಗಂಟುವಷ್ಟು ಬಿಗಿ ಮಾಡಿಸಬೇಡಿ, ಬಿಗಿಯಾದ ಬಟ್ಟೆ ತೆಳುಮೈಯನ್ನು ಮತ್ತಷ್ಟು ತೆಳುವಾಗಿ ತೋರಿಸುತ್ತದೆ. ಜಾರುವ ತೆಳುಬಟ್ಟೆಗಿಂತ ಆಕ್ಸ್‌ಫರ್ಡ್ ನೇಯ್ಗೆಯಂಥ, ಸ್ವಲ್ಪ ದಪ್ಪನೆಯ, ತನ್ನ ಆಕಾರವನ್ನು ತಾನೇ ಹಿಡಿದು ನಿಲ್ಲುವ ಬಟ್ಟೆ ನಿಮಗೆ ಒಪ್ಪುತ್ತದೆ.

ಪ್ರಶ್ನೆ: ನಾನು ಕುಳ್ಳ. ಜೀನ್ಸಿನ ಕೆಳಭಾಗ ಕತ್ತರಿಸಿದರೆ ಅಂದ ಕೆಡುತ್ತದೆ, ಏಕೆ? (ಉಡುಪಿಯ ಓದುಗರು)

ಉತ್ತರ: ಕೆಳಗೆ ಕಿರಿದಾಗುತ್ತ ಹೋಗುವ ಪ್ಯಾಂಟಿನಲ್ಲಿ 3 ಇಂಚು ಕತ್ತರಿಸಿದಾಗ ಅತಿ ಕಿರಿದಾದ ಭಾಗವೇ ಹೋಗಿ ಬಾಯಿ ಅಗಲವಾಗಿ ಉಳಿಯುತ್ತದೆ, ಮೊಣಕಾಲಿನ ಕಟ್ಟು ನಿಮ್ಮ ಮೊಣಕಾಲಿಗಿಂತ ಕೆಳಗೆ ಬೀಳುತ್ತದೆ. ಕತ್ತರಿಸುವುದರ ಜೊತೆಗೆ ಮೊಣಕಾಲಿನಿಂದ ಕೆಳಕ್ಕೆ ಹೊಸದಾಗಿ ಕಿರಿದು ಮಾಡಿಕೊಡಲು ಕೇಳಿ. ಹೊರಗೆ ಬಿಡುವ ಅಂಗಿ ಜಿಪ್ಪಿನ ನಡುಮಟ್ಟದಲ್ಲೇ ಮುಗಿಯಲಿ. ಅದಕ್ಕಿಂತ ಇಳಿದರೆ ಕಾಲಿನ ಉದ್ದವನ್ನೆಲ್ಲ ಅಂಗಿಯೇ ನುಂಗುತ್ತದೆ.